ಹಳೆಯ ಕಟ್ಟು ಬಿಚ್ಚುವ ಮುನ್ನ

ಮಾನ್ಯರೇ,

ತಾಲ್ಲೂಕು ಕಚೇರಿಗಳ ಹಳೆಯ ದಾಖಲೆಗಳನ್ನು ಭೂ ಸುರಕ್ಷಾ ಯೋಜನೆಯಡಿ ಸ್ಕ್ಯಾನ್ ಮಾಡುತ್ತಿರುವುದು ತುಂಬಾ ಒಳ್ಳೆಯ ಕೆಲಸ. ಮಠಗಳು, ಸಹಕಾರ ಸಂಘಗಳು, ಹಳೆಯ ಶಾಲೆಗಳು ಕೂಡ ತಮ್ಮ ಕಾಗದಪತ್ರಗಳನ್ನು ಹೀಗೆ ಉಳಿಸಿಕೊಳ್ಳಬೇಕು. ಆದರೆ ಸ್ಕ್ಯಾನ್‌ಗಿಂತ ಮೊದಲು ನಡೆಯುವ ‘ಜೋಡಿಸುವ’ ಕೆಲಸದ ಬಗ್ಗೆ ನನಗೆ ಆತಂಕವಿದೆ.

ನಾನು ಕೆಲಸ ಮಾಡಿದ ಕಚೇರಿಯೊಂದರಲ್ಲಿ ಕೆರೆ ದುರಸ್ತಿಯ ಹಳೆಯ ಕಡತವೊಂದಿತ್ತು. ಮೊದಲು ಊರವರು ಹೆಬ್ಬೆಟ್ಟು ಒತ್ತಿದ ಅರ್ಜಿ. ಅದರ ಹಿಂದೆ ಸ್ಥಳ ಮಹಜರು, ತೂಬಿನ ನಕ್ಷೆ, ಮೇಲಧಿಕಾರಿಯ ಷರಾ, ಕೊನೆಗೆ ಗುತ್ತಿಗೆದಾರನ ರಸೀದಿ. ಎಲ್ಲವೂ ಒಂದೇ ದಾರದಲ್ಲಿದ್ದವು. ಚೊಕ್ಕಟ ಮಾಡಲು ಬಂದವರು ದಾರ ಬಿಚ್ಚಿ, ನಕ್ಷೆಯನ್ನು ನಕ್ಷೆಗಳ ಗುಡ್ಡೆಗೆ, ರಸೀದಿಯನ್ನು ರಸೀದಿಗಳ ಗುಡ್ಡೆಗೆ ಹಾಕಿದರು. ಒಂದು ಹಾಳೆಯೂ ಕಳೆಯಲಿಲ್ಲ. ಆದರೆ ಆ ನಕ್ಷೆ ಯಾವ ಕೆರೆಯದು, ಆ ಷರಾ ಯಾವ ಅರ್ಜಿಗೆ ಬರೆದದ್ದು ಅಂತ ಈಗ ಯಾರೂ ಹೇಳಲಾರರು.

ಪತ್ರಾಗಾರದವರು ಇಂಥದ್ದಾಗದಂತೆ ಎರಡು ಮಾತು ಪಾಲಿಸುತ್ತಾರೆ. ದಾಖಲೆ ಯಾರ ಕೆಲಸದಿಂದ ಹುಟ್ಟಿತೋ ಅವರೇ ಅದರ ಮೂಲ, ಅಂದರೆ ಪ್ರೊವೆನೆನ್ಸ್. ಒಬ್ಬರದನ್ನು ಇನ್ನೊಬ್ಬರದರ ಜತೆ ಬೆರೆಸಬಾರದು. ಇನ್ನೊಂದು, ಮೂಲ ಕ್ರಮ: ದಾಖಲೆ ಹುಟ್ಟಿಸಿದವರು ಹೇಗೆ ಜೋಡಿಸಿಟ್ಟಿದ್ದರೋ ಹಾಗೇ ಇರಬೇಕು. ಫ್ರಾನ್ಸ್‌ನಲ್ಲಿ 1841ರಲ್ಲೇ ಸರ್ಕಾರಿ ಸುತ್ತೋಲೆಯೊಂದು ಮೊದಲನೆಯದನ್ನು ವಿಧಿಸಿತ್ತು. 1898ರಲ್ಲಿ ಮೂವರು ಡಚ್ ಪತ್ರಾಗಾರ ತಜ್ಞರು ಕೈಪಿಡಿ ಬರೆದು ಎರಡನ್ನೂ ಗಟ್ಟಿ ಮಾಡಿದರು.

ಮೂಲ ಎಷ್ಟು ಮುಖ್ಯ ಅನ್ನುವುದಕ್ಕೆ ಶೃಂಗೇರಿಯೇ ಇದೆಯಲ್ವಾ? ಟಿಪ್ಪು ಸುಲ್ತಾನ್ ಅಲ್ಲಿನ ಸ್ವಾಮಿಗಳಿಗೆ ಕನ್ನಡದಲ್ಲಿ ಬರೆಸಿ ಕಳಿಸಿದ ಪತ್ರಗಳು 1916ರಲ್ಲಿ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಅವರ ಕಣ್ಣಿಗೆ ಬಿದ್ದವು. ಅವು ಸಿಕ್ಕಿದ್ದು ಯಾವುದೋ ಅಂಗಡಿಯಲ್ಲಲ್ಲ, ಪತ್ರ ಯಾರಿಗೆ ಬಂದಿತ್ತೋ ಆ ಮಠದಲ್ಲೇ. ಆ ಪತ್ರಗಳ ಮೇಲಿನ ನಂಬಿಕೆಗೆ ಅದೂ ಒಂದು ಬಲ.

‘ವಿಷಯವಾರು ಹುಡುಕಬೇಕಲ್ಲ’ ಅಂತ ಕೆಲವರು ಕೇಳುತ್ತಾರೆ. ಅದಕ್ಕೆ ಹಾಳೆಯ ಜಾಗ ಬದಲಿಸಬೇಕಿಲ್ಲ. ಕಂಪ್ಯೂಟರಿನ ಪಟ್ಟಿಯಲ್ಲಿ ವಿಷಯ ಬರೆದರೆ ಸಾಕು, ಕಟ್ಟು ಇದ್ದಂತೆಯೇ ಇರಲಿ. ಸಂಸ್ಥೆಯ ಇಡೀ ಸಂಗ್ರಹ, ಅದರೊಳಗೆ ಸರಣಿ (ಒಂದೇ ಬಗೆಯ ಕಡತಗಳ ಗುಂಪು), ಸರಣಿಯೊಳಗೆ ಕಡತ, ಕಡತದೊಳಗೆ ಹಾಳೆ: ಪಟ್ಟಿ ಈ ಮೆಟ್ಟಿಲುಗಳಲ್ಲಿ ಇಳಿಯಬೇಕು. ಜನ ಕಡಿಮೆ ಇದ್ದರೆ ಸರಣಿಯವರೆಗಾದರೂ ಆಗಲಿ. ಅಂತರರಾಷ್ಟ್ರೀಯ ಪತ್ರಾಗಾರ ಮಂಡಳಿಯ ನಿಯಮದಲ್ಲಿ ವಿವರಣೆಗೆ 26 ಅಂಶಗಳಿವೆ. ಅವುಗಳಲ್ಲಿ ಗುರುತಿನ ಸಂಖ್ಯೆ, ಶೀರ್ಷಿಕೆ, ಸೃಷ್ಟಿಸಿದವರು, ಕಾಲ, ಪ್ರಮಾಣ, ಮಟ್ಟ (ಸಂಗ್ರಹವೋ, ಸರಣಿಯೋ, ಕಡತವೋ ಎಂಬುದು) ಇವು ಆರು ಬಿಡುವಂತಿಲ್ಲ. ಚಿಕ್ಕ ಸಂಘವೂ ಇಷ್ಟು ಬರೆಯಬಲ್ಲದು.

ರಾಜ್ಯ ಪತ್ರಾಗಾರ ಇಲಾಖೆ ಇದನ್ನೆಲ್ಲ ಸರಳ ಕನ್ನಡದಲ್ಲಿ ಎರಡು ಪುಟಕ್ಕೆ ಇಳಿಸಿ ಪ್ರತಿ ರೆಕಾರ್ಡ್ ರೂಮಿಗೆ, ಮಠಗಳಿಗೆ, ಸಂಘಗಳಿಗೆ ತಲುಪಿಸಲಿ. ಸ್ಕ್ಯಾನಿಂಗ್ ಗುತ್ತಿಗೆಯ ಷರತ್ತುಗಳಲ್ಲೂ ಒಂದು ಸಾಲು ಸೇರಲಿ: ಬಿಚ್ಚಿದ ಕಟ್ಟನ್ನು ಅದೇ ಕ್ರಮದಲ್ಲಿ ಮತ್ತೆ ಕಟ್ಟಬೇಕು.

– ನಿವೃತ್ತ ಗುಮಾಸ್ತ, ಶಿವಮೊಗ್ಗ