ಉಬಾಬಾ ಉಯಗುಲಾ

ಅವ್ವನಿಗೆ ನಮಸ್ಕಾರ. ನಾನು ಕ್ಷೇಮ.

ಫೋನಿನಲ್ಲಿ ಹೇಳಿದರೆ ಅಪ್ಪನ ಕಿವಿಗೆ ಬೀಳುತ್ತದೆ ಎಂದು ನೀನು ಕಾಗದ ಬರೆದೆ, ಸರಿ. ಆದರೆ ಅಪ್ಪನ ಕಾಲಿನ ಗಾಯ ಒಣಗಿಲ್ಲ ಎಂಬುದನ್ನು ಕೊನೆಯಲ್ಲಿ, ಅಂಚಿನಲ್ಲಿ ತುರುಕಿದ್ದೀಯಲ್ಲ! ನಾಟಿಯ ವಿಷಯಕ್ಕೆ ಎರಡು ಪುಟ ಬೇಕಿತ್ತೇ?

ಇಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಕಬ್ಬು ನುರಿಸುವ ಕೆಲಸ ಜೋರಾಗಿದೆ. 1860ರಿಂದ ನಮ್ಮ ದೇಶದವರನ್ನು ಹಡಗಿನಲ್ಲಿ ತಂದು ದುಡಿಸಿದ ಸೀಮೆಯಿದು, ಕಬ್ಬು ಮಂಡ್ಯದವನಿಗೆ ಹೊಸದೇನಲ್ಲ. ಸಂಜೆ ಇಲ್ಲಿನವರ ಜುಲು ಭಾಷೆ ಕಲಿಯುತ್ತಿದ್ದೇನೆ. ಈ ವಾರ ತಂದೆ ತಾಯಿ, ನೆಂಟರ ಪಾಠ. ಇಂಗ್ಲಿಷಿನವರಿಗೆ ಎಲ್ಲರೂ ಅಂಕಲ್. ಇವರದು ನಮ್ಮ ಲೆಕ್ಕವೇ. ಅಪ್ಪನ ತಮ್ಮ ‘ಚಿಕ್ಕ ಅಪ್ಪ’, ಅವ್ವನ ಅಕ್ಕ ‘ದೊಡ್ಡ ಅವ್ವ’, ಉಮಾಮ್‌ಖುಲು. ‘ಚಿಕ್ಕ’ ಎನ್ನುವಾಗ ಮಾತ್ರ ಲೊಚಗುಟ್ಟಬೇಕು, ಅಯ್ಯೋ ಪಾಪ ಎನ್ನುತ್ತಾ ನೀನು ಲೊಚಗುಟ್ಟುವ ಹಾಗೆ. ಅಪ್ಪ ಎತ್ತು ಹೊಡೆಯುವಾಗ ದವಡೆಯ ಪಕ್ಕದಲ್ಲಿ ಮಾಡುವ ಸದ್ದೂ ಇವರಲ್ಲಿ ಒಂದು ಅಕ್ಷರ. ನನಗೆ ಬೇಗ ಬಂತು.

‘ನನ್ನ ಅವ್ವ’, ‘ನಿನ್ನ ಅವ್ವ’, ‘ಅವನ ಅವ್ವ’ ಮೂರಕ್ಕೂ ಬೇರೆ ಬೇರೆ ಪದ. ಹಳೆಯ ಪುಸ್ತಕ ನಂಬಿ ಬಾಯ್ಲರ್ ಹುಡುಗನನ್ನು ‘ಉನ್ಯೋಕೊ’, ಅಂದರೆ ನಿನ್ನ ಅವ್ವ, ಹೇಗಿದ್ದಾರೆ ಎಂದು ಕೇಳಿದೆ. ಸ್ಪ್ಯಾನರ್ ಕೆಳಗಿಟ್ಟು ನನ್ನನ್ನೇ ದುರುಗುಟ್ಟಿ ನೋಡಿದ. ಈಗ ಅದು ಬೈಗುಳವಂತೆ, ‘ಉಮಾಮಾ ವಾಖೊ’ ಎನ್ನಬೇಕಂತೆ. ಕ್ಷಮೆ ಕೇಳುವ ಪದದಲ್ಲೂ ಆ ಎತ್ತಿನ ಸದ್ದೇ ಇದೆ. ನಾನು ಮಾಡಿದ ಸದ್ದಿಗೆ ನಕ್ಕುಬಿಟ್ಟ.

ನಿನ್ನೆ ಅಪ್ಪನ ಬಗ್ಗೆ ಒಂದು ವಾಕ್ಯ ಹೇಳಬೇಕಿತ್ತು. ‘ಅಪ್ಪ ಕೆಲಸ ಮಾಡುತ್ತಾರೆ’ ಎಂದು ಉರು ಹೊಡೆದಿದ್ದೆ. ಬಾಯಿಗೆ ಬಂದದ್ದು ‘ಉಬಾಬಾ ಉಯಗುಲಾ’, ಅಪ್ಪನಿಗೆ ಹುಷಾರಿಲ್ಲ. ಮೇಡಂ ಸೀಮೆಸುಣ್ಣ ಕೆಳಗಿಟ್ಟು ಏನಾಗಿದೆ ಎಂದರು. ಗಾಯಕ್ಕೆ ಪದ ಗೊತ್ತಿರಲಿಲ್ಲ, ಪಾದ ತೋರಿಸಿದೆ. ‘ಉಶುಕೆಲಾ?’ ಎಂದರು. ದಿನವಿಡೀ ಕಾರ್ಖಾನೆಯಲ್ಲಿ ಮೂಟೆ ಎಣಿಸುವಾಗ ಕೇಳುವ ಪದ ಅದು, ಸಕ್ಕರೆ. ಕಾಯಿಲೆಗೂ ಅದೇ ಹೆಸರು.

ಅವ್ವ, ಆ ಸೊಪ್ಪಿನ ರಸ ಕಟ್ಟುವುದನ್ನು ನಿಲ್ಲಿಸು. ನೋವಿಲ್ಲ ಎಂದು ಅಪ್ಪ ಹೇಳಿದರೆ ನಂಬಬೇಡ. ಸಕ್ಕರೆ ಕಾಯಿಲೆಯಲ್ಲಿ ಪಾದಕ್ಕೆ ನೋವೇ ತಿಳಿಯದೆ ಹೋಗಬಹುದು, ಭಯ ಇರುವುದೇ ಅಲ್ಲಿ. ಮೈಸೂರಿಗೆ ಕರೆದುಕೊಂಡು ಹೋಗಲು ಚಿಕ್ಕಪ್ಪನಿಗೆ ಫೋನು ಮಾಡಿದ್ದೇನೆ. ದುಡ್ಡು ಹಾಕಿದ್ದೇನೆ, ಇನ್ನೂ ಬೇಕಾದರೆ ಹಾಕುತ್ತೇನೆ. ಬರಿಗಾಲಿನಲ್ಲಿ ಗದ್ದೆಗೆ ಇಳಿಯಲು ಬಿಡಬೇಡ. ನನಗೇನೂ ತೊಂದರೆಯಿಲ್ಲ, ಹೊಟ್ಟೆ ತುಂಬ ಉಣ್ಣುತ್ತೇನೆ, ಚೆನ್ನಾಗಿ ನಿದ್ದೆ ಬರುತ್ತದೆ, ನಿಜವಾಗಿಯೂ ಚೆನ್ನಾಗಿದ್ದೇನೆ.

ಪಾಳಿಯ ಸೈರನ್ ಆಯಿತು. ಗಾಯ ಎಷ್ಟು ಅಗಲವಿದೆ ಎಂದು ಬರೆ, ಈ ಸಲ ಮೊದಲನೆಯ ಸಾಲಿನಲ್ಲಿ.

ನಿನ್ನ ಮಗ