ಅಪರೂಪದ ಹಕ್ಕಿಗೆ ಫೋಟೊ ಒಂದೇ ಸಾಲದು

ಮಾನ್ಯ ಸಂಪಾದಕರೇ,

ಚಳಿಗಾಲ ಬಂತೆಂದರೆ ಕರಾವಳಿಯ ಅಳಿವೆಗಳಿಂದ ‘ಅಪರೂಪದ ವಿದೇಶಿ ಹಕ್ಕಿ ಪತ್ತೆ’ ಎಂಬ ಸುದ್ದಿಗಳು ಬರತೊಡಗುತ್ತವೆ. ಫೋಟೊ ಇರುತ್ತದೆ, ಯಾವ ದಿನ, ಯಾವ ದಡ, ಎಷ್ಟು ಹಕ್ಕಿ, ಭರತವೋ ಇಳಿತವೋ ಎಂಬುದು ಇರುವುದಿಲ್ಲ. ಹಾಗಾಗಿ ಆ ಸುದ್ದಿ ದಾಖಲೆಯಾಗಿ ಉಳಿಯುವುದೇ ಇಲ್ಲ.

ಗ್ರೇಟ್ ನಾಟ್ ಹಕ್ಕಿಯನ್ನೇ ನೋಡಿ. ಈಶಾನ್ಯ ಸೈಬೀರಿಯದಲ್ಲಿ ಮರಿ ಮಾಡುವ ಇದು ನಮ್ಮ ಕರಾವಳಿಯಲ್ಲಿ ಅಪರೂಪ. ಸಣ್ಣ ಚಿಪ್ಪುಜೀವಿಗಳನ್ನು ಇಡಿಯಾಗಿ ನುಂಗಿ ಹೊಟ್ಟೆಯಲ್ಲೇ ಪುಡಿ ಮಾಡುತ್ತದೆ. ವಲಸೆಯ ನಡುವೆ ಇದು ತಂಗುತ್ತಿದ್ದ ದಕ್ಷಿಣ ಕೊರಿಯದ ಸೇಮಾಂಗುಮ್ ಅಳಿವೆಯನ್ನು 2006ರಲ್ಲಿ 33 ಕಿ.ಮೀ. ತಡೆಗೋಡೆಯಿಂದ ಮುಚ್ಚಿದ ಮೇಲೆ ಈ ಹಕ್ಕಿಯ ಸಂಖ್ಯೆ ತೀವ್ರವಾಗಿ ಕುಸಿಯಿತು. 2015ರಿಂದ ಇದು ಅಳಿವಿನಂಚಿನ ಪಟ್ಟಿಯಲ್ಲಿದೆ. ಬಳಚು ಎಂಬ ಚಿಪ್ಪುಜೀವಿ ಹೇರಳವಾಗಿರುವ, 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಅಘನಾಶಿನಿಯಂಥ ಅಳಿವೆಯಲ್ಲಿ ಇಂಥದೊಂದು ಕಂಡರೂ ಅದರ ವಿವರಕ್ಕೆ ಬೆಲೆಯಿದೆ.

ನೋಡಲು ಹೊತ್ತು ಮುಖ್ಯ. ಇಳಿತದಲ್ಲಿ ಹಕ್ಕಿಗಳು ಕೆಸರಿನ ತುಂಬ ಚದುರಿರುತ್ತವೆ. ಪೂರ್ಣ ಭರತಕ್ಕೆ ಎರಡು ಗಂಟೆ ಮೊದಲೇ ಹೋಗಿ ಒಂದೆಡೆ ಕೂತರೆ ನೀರೇ ಅವನ್ನು ಹತ್ತಿರ ತರುತ್ತದೆ. ಭರತ ದಿನಕ್ಕೆ ಸುಮಾರು 50 ನಿಮಿಷ ತಡವಾಗುವುದರಿಂದ ನಿನ್ನೆಯ ಲೆಕ್ಕ ನಂಬಬಾರದು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಮರಳುದಿಬ್ಬಗಳೇ ಮುಳುಗುತ್ತವೆ. ಆಗ ಅಳಿವೆಯಂಚಿನ ಉಪ್ಪುನೀರಿನ ಗಜನಿ ಗದ್ದೆಗಳನ್ನೂ ಸಾಣಿಕಟ್ಟಾದ ಉಪ್ಪಾಗರವನ್ನೂ ನೋಡಬೇಕು. ಬೆಳಿಗ್ಗೆ ಪೂರ್ವ ದಡದಲ್ಲಿದ್ದರೆ ಬಿಸಿಲು ಬೆನ್ನಿಗೆ ಬೀಳುತ್ತದೆ. ಎದುರು ಬೆಳಕಿನಲ್ಲಿ ಎಲ್ಲ ಹಕ್ಕಿಯೂ ಕಪ್ಪೇ, ಹೆಚ್ಚಿನ ತಪ್ಪು ಗುರುತುಗಳು ಹುಟ್ಟುವುದು ಅಲ್ಲೇ.

ಗ್ರೇಟ್ ನಾಟ್ 26ರಿಂದ 28 ಸೆಂ.ಮೀ., ಕೊಕ್ಕು ತಲೆಗಿಂತ ಉದ್ದ, ತುದಿ ತುಸು ಬಾಗು. ಇದನ್ನೇ ಹೋಲುವ ರೆಡ್ ನಾಟ್ ಇನ್ನೂ ಚಿಕ್ಕದು, ಕೊಕ್ಕು ಹೆಚ್ಚುಕಡಿಮೆ ತಲೆಯಷ್ಟೇ. ಒಂಟಿ ಹಕ್ಕಿಯ ಚಿತ್ರದಲ್ಲಿ ಗಾತ್ರ ತಿಳಿಯದು; ಪಕ್ಕದಲ್ಲಿ ಪರಿಚಿತ ಹಕ್ಕಿ ಇರುವ ಚಿತ್ರ ಬೇಕು. ಪಕ್ಕದಿಂದ ತೆಗೆದದ್ದೊಂದು, ತಾನಾಗಿ ಹಾರಿದಾಗ ಬಾಲದ ಬುಡ ಕಾಣುವಂಥದ್ದೊಂದು ಇರಲಿ. ಗ್ರೇಟ್ ನಾಟ್‌ಗೆ ಅಲ್ಲಿ ಬಿಳಿ, ರೆಡ್ ನಾಟ್‌ಗೆ ಬೂದು ಗೆರೆ. ಆ ಚಿತ್ರಕ್ಕಾಗಿ ಎಬ್ಬಿಸಿ ಹಾರಿಸುವುದನ್ನು ಮಾತ್ರ ದಯವಿಟ್ಟು ಬಿಡಿ. ಭರತದ ವೇಳೆ ಅವಕ್ಕೆ ವಿಶ್ರಾಂತಿ. ಮಾರ್ಚ್, ಏಪ್ರಿಲ್ ಹೊತ್ತಿಗೆ ಸಾವಿರಾರು ಕಿ.ಮೀ. ಹಾರಲು ಕೂಡಿಟ್ಟ ಕೊಬ್ಬು ಪ್ರತಿ ಹಾರಾಟದಲ್ಲೂ ಕರಗುತ್ತದೆ. ನೂರು ಮೀಟರ್ ದೂರದಲ್ಲೇ ನಿಲ್ಲಿ. ಹಕ್ಕಿಗಳು ತಲೆಯೆತ್ತಿ ಒಂದೇ ಕಡೆ ನಡೆಯತೊಡಗಿದರೆ ಹಿಂದೆ ಸರಿಯಿರಿ. ಡ್ರೋನ್ ಬೇಡವೇ ಬೇಡ.

ಹಕ್ಕಿಯ ಕಾಲಿನಲ್ಲಿ ಸಂಶೋಧಕರು ತೊಡಿಸಿದ ಬಣ್ಣದ ಪಟ್ಟಿ ಇದ್ದರೆ ಬಣ್ಣ, ಮೇಲಿನದು ಯಾವುದು ಕೆಳಗಿನದು ಯಾವುದು, ಅಕ್ಷರ ಏನು, ಎಲ್ಲ ಬರೆದುಕೊಳ್ಳಿ. ಎಡ, ಬಲ ಹಕ್ಕಿಯದಾಗಿರಲಿ, ನೋಡುವವರದಲ್ಲ. ಬಿಸಿಲಿಗೆ ಬಣ್ಣ ಮಾಸುವುದುಂಟು, ಅನುಮಾನವಿದ್ದರೆ ಅನುಮಾನವೆಂದೇ ಬರೆಯಿರಿ.

ಇದನ್ನೆಲ್ಲ ಅದೇ ದಿನ ಹಕ್ಕಿ ದಾಖಲೆಗಳ ಜಾಲತಾಣವಾದ ಇ-ಬರ್ಡ್‌ಗೆ ಹಾಕಿ, ಜೊತೆಯಲ್ಲಿದ್ದ ಸಾಮಾನ್ಯ ಹಕ್ಕಿಗಳ ಎಣಿಕೆ ಸಮೇತ. ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ಪ್ರತಿ ಜನವರಿ ನಡೆಯುತ್ತಿದೆ. ಅದಕ್ಕೂ ಇದೇ ಬಗೆಯ ಲೆಕ್ಕ ಬೇಕು. ಪತ್ರಿಕೆಯೂ ಇಂಥ ಸುದ್ದಿ ಪ್ರಕಟಿಸುವಾಗ ದಿನಾಂಕ, ಜಾಗ, ಸಂಖ್ಯೆ, ಹಕ್ಕಿಯನ್ನು ಗುರುತಿಸಿದ್ದು ಹೇಗೆ ಎಂಬ ಒಂದು ಸಾಲನ್ನು ಕಡ್ಡಾಯವಾಗಿ ಸೇರಿಸಬೇಕೆಂದು ಕೋರುತ್ತೇವೆ.

– ಹಕ್ಕಿ ವೀಕ್ಷಕರು, ಕುಮಟಾ