ಪರಿಸರಕ್ಕೂ ಓಟು ಬೀಳುತ್ತದೆ

ಸಂಪಾದಕರೇ,

ಪರಿಸರದ ಮಾತಾಡಿದರೆ ಓಟು ಬೀಳುವುದಿಲ್ಲ ಎಂದು ನಮ್ಮ ಕಾಸರಗೋಡಿನ ರಾಜಕಾರಣಿಗಳು ನಂಬಿ ಕೂತಿರುವುದು ಸರಿಯಲ್ಲ. ಜರ್ಮನಿಯ ವಿನ್‌ಫ್ರೀಡ್ ಕ್ರೆಚ್‌ಮನ್ ಬಗ್ಗೆ ಬಂದ ವರದಿ ಓದಿ ಹೀಗನಿಸಿತು. ಜೀವಶಾಸ್ತ್ರ, ರಸಾಯನಶಾಸ್ತ್ರ ಕಲಿಸುತ್ತಿದ್ದ ಮೇಷ್ಟ್ರು ಅವರು. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಪರಿಸರವನ್ನೇ ಮುಖ್ಯ ವಿಷಯವಾಗಿಸಿಕೊಂಡ ಗ್ರೀನ್ಸ್ ಪಕ್ಷ ಕಟ್ಟಿದವರಲ್ಲಿ ಒಬ್ಬರಾಗಿ, 1980ರಲ್ಲೇ ಶಾಸಕರಾಗಿ, ಜಪಾನಿನ ಫುಕುಶಿಮಾ ಅಣುಸ್ಥಾವರ ದುರಂತದ ಬೆನ್ನಿಗೆ 2011ರ ಮೇ 12ರಂದು ಅಲ್ಲಿನ ಮುಖ್ಯಮಂತ್ರಿಯಾದರು. ಅದೂ ಬೆಂಜ್ ಕಾರು ತಯಾರಾಗುವ ರಾಜ್ಯದಲ್ಲಿ! 2016, 2021ರಲ್ಲಿ ಮತ್ತೆ ಗೆದ್ದರು. ಕಾರು ಕಂಪೆನಿಗಳಿಗೆ ಸಲುಗೆ ಜಾಸ್ತಿಯಾಯಿತೆಂದು ಅವರ ಪಕ್ಷದವರೇ ಗೊಣಗಿದ್ದುಂಟು, ಅದಿರಲಿ.

ಅವರು ಅಧಿಕಾರಕ್ಕೆ ಬಂದ ಮರುದಿನವೇ ನಮ್ಮ ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ಎಂಬ ಕೀಟನಾಶಕಕ್ಕೆ ತಡೆ ಹಾಕಿತು. ಎಣ್ಮಕಜೆ, ಪಡ್ರೆ ಕಡೆಯ ಗೇರುತೋಟಗಳ ಮೇಲೆ ಎರಡು ದಶಕದಷ್ಟು ಕಾಲ ಹೆಲಿಕಾಪ್ಟರಿನಿಂದ ಆ ವಿಷ ಸುರಿದ ಜಿಲ್ಲೆ ಇದು. ಇಲ್ಲಿ ಪರಿಸರ ಅಂದರೆ ಸುಮ್ನೆ ಗಿಡ ನೆಟ್ಟು ಫೋಟೊ ತೆಗೆಸುವುದಲ್ಲ, ಮಕ್ಕಳ ಆರೋಗ್ಯದ ವಿಷಯ ಅಲ್ವಾ?

ಮುಂದಿನ ಚುನಾವಣೆಯಲ್ಲಿ ಪ್ರತಿ ಅಭ್ಯರ್ಥಿಯ ಬಳಿಯೂ ಸಂತ್ರಸ್ತರ ಚಿಕಿತ್ಸೆ, ಕೆಂಪುಕಲ್ಲಿನ ಕೋರೆಗಳು, ಬೇಸಿಗೆಯ ನೀರು, ಈ ಮೂರರ ಬಗ್ಗೆ ನಿಮ್ಮ ಪತ್ರಿಕೆ ಲಿಖಿತ ಉತ್ತರ ಕೇಳಿ ಅಚ್ಚು ಹಾಕಲಿ. ಉತ್ತರ ಕೊಡದವರ ಹೆಸರನ್ನೂ ಹಾಕಿ.

– ಓರ್ವ ಓದುಗ, ಬದಿಯಡ್ಕ